ಇಳಿಯುವಾಗ ತಲೆ ಎಣಿಸು

ಮಗಳೇ,

ನಿನ್ನೆ ಫೋನಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ನೀನು ಫೋನ್ ಇಟ್ಟಾಗಿನಿಂದ ನಿನ್ನ ಅವ್ವ ನನ್ನ ಜೊತೆ ಮಾತಾಡಿಲ್ಲ. ತಾಟು ಮಾತ್ರ ಇಟ್ಟು ಒಳಗೆ ಹೋಗುತ್ತಾಳೆ. ಕಾಗದದಲ್ಲಾದರೆ ನನ್ನ ದನಿ ಏರುವುದಿಲ್ಲ ಅಲ್ವಾ? ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕೂಗಿದ ಗಂಟಲು ಇದು.

ಅಲ್ಲಿಯ ಗೆಳೆಯರ ಜೊತೆ ಬೆಲ್ಜಿಯಂ ಸುತ್ತಲು ಹೋಗಬೇಡ ಅನ್ನುತ್ತಿಲ್ಲ. ಬ್ರೂಜ್‌ನ ಗಂಟೆಗೋಪುರಕ್ಕೆ 366 ಮೆಟ್ಟಿಲು ಅಂದೆಯಲ್ಲ, ಹತ್ತಿ ಬಾ. ಆದರೆ ಗೆಂಟ್‌ನ ಚರ್ಚಿನಲ್ಲಿ ಚಿತ್ರದ ಹಲಗೆಯೊಂದು 1934ರಲ್ಲಿ ಕಳುವಾಗಿ ಇನ್ನೂ ಸಿಕ್ಕಿಲ್ಲವಂತೆ. ಅಂಥ ಊರಲ್ಲಿ ಪಾಸ್‌ಪೋರ್ಟ್ ಜೋಪಾನ.

ನಾನು ಕೇಳಿದ್ದು ‘ಯಾರು ಅವರೆಲ್ಲ’ ಅಂತ. ಕೇಳಿದ ರೀತಿ ತಪ್ಪು. ಯಾಕೆ ಕೇಳಿದೆ ಅಂತ ಹೇಳುತ್ತೇನೆ. ಇದು ನಿನ್ನ ಅವ್ವನಿಗೂ ಗೊತ್ತಿಲ್ಲ.

1998ರ ಡಿಸೆಂಬರ್. ಬೆಳಗಾವಿಯಿಂದ ನಿಪ್ಪಾಣಿಗೆ ಕೊನೆಯ ಬಸ್ಸು. ನಾಲ್ಕು ಹುಡುಗಿಯರು ಹತ್ತಿದರು. ಯಾವುದೋ ಕ್ಯಾಂಪಿನಲ್ಲಿ ಗೆಳತಿಯರಾದವರು, ನಾಲ್ಕು ದಿನದ ಪರಿಚಯ. ದಾರಿಯುದ್ದಕ್ಕೂ ನಗು. ಸಂಕೇಶ್ವರದಲ್ಲಿ ಮೂವರು ಇಳಿದರು. ನಾಲ್ಕನೆಯವಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಅವರು ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ. ಸಂಕೇಶ್ವರಕ್ಕೆ ನಾಲ್ಕು ಟಿಕೆಟ್ ಹರಿದು ಕೊಟ್ಟವನು ನಾನೇ. ಇಳಿದದ್ದು ಮೂರು ತಲೆ. ‘ರೈಟ್’ ಅಂದೆ.

ಕಣಗಲಾ ಹತ್ತಿರ ಅವಳಿಗೆ ಎಚ್ಚರವಾಯಿತು. ‘ಸಂಕೇಶ್ವರ ಬಂತಾ?’ ಅಂದಳು. ಮೊದಲೇ ಲೇಟಾಗಿತ್ತು. ಬೈದೆ. ‘ಎದುರಿನ ಬಸ್ ಹಿಡಿದು ವಾಪಸ್ ಹೋಗು’ ಅಂತ ಅಲ್ಲೇ ಕ್ರಾಸಿನಲ್ಲಿ ಇಳಿಸಿದೆ. ಗಡಿಬಿಡಿಯಲ್ಲಿ ಬೂಟು ಕೈಯಲ್ಲೇ ಹಿಡಿದಿದ್ದಳು. ಒಂದು ಕಾಲಿಗೆ ಕಾಲುಚೀಲ, ಇನ್ನೊಂದು ಬರಿಗಾಲು. ಕಬ್ಬಿನ ಗದ್ದೆಯ ಮಂಜು. ಮತ್ತೆ ‘ರೈಟ್’ ಅಂದೆ. ಎದುರಿನ ಬಸ್ಸು ಆ ಹೊತ್ತಿಗೆ ಇತ್ತೋ ಇಲ್ಲವೋ. ಟೈಮ್ ಗೊತ್ತಿದ್ದವನು ನಾನು, ಆದರೂ ಯೋಚಿಸಲಿಲ್ಲ. ಮರುದಿನ ಆ ಕ್ರಾಸಿನ ಚಹಾದಂಗಡಿಯಲ್ಲಿ ಕೇಳಿದೆ. ಯಾರೂ ನೋಡಿರಲಿಲ್ಲ. ಆಮೇಲೂ ಎಷ್ಟೋ ಸಲ ಕೇಳಿದ್ದೇನೆ.

ಆ ಬರಿಗಾಲು ನೀನು ಹುಟ್ಟಿದ ಮೇಲೆ ಜಾಸ್ತಿ ಕಾಡಿತು.

ಅದಕ್ಕೇ ಹೇಳುವುದು. ಇಳಿಯುವಾಗ ತಲೆ ಎಣಿಸು. ನಿನ್ನನ್ನು ಎಣಿಸುತ್ತಾರಾ ನೋಡು. ಆ ವಿಯೆಟ್ನಾಂ ಹುಡುಗಿ ನಿನಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟಳು ಅಂದಿದ್ದೆ. ಅವಳು ಎಣಿಸುತ್ತಾಳೆ ಬಿಡು. ಅಲ್ಲಿ ಈಗ ನಾಲ್ಕೂಮುಕ್ಕಾಲಿಗೇ ಕತ್ತಲಾಗುತ್ತದಂತೆ. ಬೋರ್ಡ್ ಸರಿಯಾಗಿ ಓದು. ಲಿಯೇಜ್‌ಗೆ ಹೋಗುವ ರೈಲಿನ ಮೇಲೆ ನಿಮ್ಮ ಕಡೆ ಡಚ್ಚಿನಲ್ಲಿ ಲುಯಿಕ್ ಅಂತ ಇರುತ್ತದೆ. ಬ್ರಸೆಲ್ಸ್‌ನಲ್ಲಿ ಉತ್ತರ, ನಡು, ದಕ್ಷಿಣ ಅಂತ ಒಂದರ ಹಿಂದೆ ಒಂದು ಮೂರು ಸ್ಟೇಷನ್ ಬರುತ್ತವೆ. ದಕ್ಷಿಣದ್ದಕ್ಕೆ ಡಚ್ಚಿನಲ್ಲಿ ಝೌಡ್ ಅಂತಲೂ ಬರೆದಿರುತ್ತಾರೆ, ಫ್ರೆಂಚಿನಲ್ಲಿ ಮಿಡಿ ಅಂತಲೂ ಬರೆದಿರುತ್ತಾರೆ. ಎರಡು ಭಾಷೆಯ ಬೋರ್ಡಿನ ಕಥೆ ನಿಪ್ಪಾಣಿಯವರಿಗೆ ಹೇಳಿಕೊಡಬೇಕಾ! 1968ರಲ್ಲಿ ಭಾಷೆಯ ಜಗಳಕ್ಕೆ ನಿನ್ನ ಲ್ಯೂವೆನ್ ಯೂನಿವರ್ಸಿಟಿಯೇ ಎರಡು ಹೋಳಾಯಿತಂತೆ. ಅದು 1425ರದ್ದು ಅಂತ ಡಿಪೋದಲ್ಲಿ ಎಲ್ಲರಿಗೂ ಹೇಳಿಯಾಗಿದೆ. ಸೆಕ್ಯೂರಿಟಿಯವನಿಗೆ ಎರಡು ಸಲ.

ನೋಡು, ಕ್ಷಮೆ ಕೇಳಲು ಕೂತವನು ಮತ್ತೆ ಉಪದೇಶಕ್ಕೆ ಇಳಿದೆ. ನಿನ್ನೆಯದು ತಪ್ಪಾಯಿತು.

ಅವ್ವ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದಾಳೆ. ನಿನ್ನ ಗೆಳೆಯರು ರೊಟ್ಟಿಗೆ ಮೇಯನೇಸ್ ಹಚ್ಚಿಕೊಂಡು ತಿಂದರು ಅಂತ ಇನ್ನೂ ಅವಳಿಗೆ ಹೇಳಿಲ್ಲ.

ವಾಪಸ್ ಬಂದು ಇಳಿದ ಕೂಡಲೇ ಒಂದು ಮೆಸೇಜ್ ಹಾಕು. ನಿನಗೆ ರಾತ್ರಿ ಹತ್ತಾದರೆ ನನಗೆ ಎರಡೂವರೆ. ಪರವಾಗಿಲ್ಲ, ಎದ್ದೇ ಇರುತ್ತೇನೆ.

ಇನ್ನೊಂದು. ಅಲ್ಲಿ ರೈಲಿನ ಕಂಡಕ್ಟರ್ ಸೀಟಿ ಊದಿ ಬಾಗಿಲು ಮುಚ್ಚುತ್ತಾನೆ ಅಂದಿದ್ದೆ. ಊದುವ ಮುಂಚೆ ಒಮ್ಮೆ ಹಿಂದೆ ತಿರುಗಿ ನೋಡುತ್ತಾನಾ? ನೋಡಿ ಬರೆ.

ನಿನ್ನ ಅಪ್ಪ