ಪ್ರೀತಿಯ ಬೀಗ ಸೇತುವೆಗೆ ಬೇಡ

ಮಾನ್ಯ ಸಂಪಾದಕರೇ,

ವಿವಾಹ ವಾರ್ಷಿಕೋತ್ಸವಕ್ಕೆಂದು ವಾರಾಂತ್ಯದಲ್ಲಿ ಪ್ಯಾರಿಸ್‌ಗೆ ಹೋಗುವ ದಂಪತಿಗಳಿಗಾಗಿ ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಇಬ್ಬರ ಹೆಸರು ಬರೆದ ಬೀಗವನ್ನು ಸೇನ್ ನದಿಯ ಸೇತುವೆಗೆ ಹಾಕಿ, ಕೀಲಿಯನ್ನು ನೀರಿಗೆ ಎಸೆಯಿರಿ ಎಂಬುದು ಅದರ ಮೊದಲ ಸಲಹೆ. ಮೈತುಂಬ ಬೀಗ ಹೊತ್ತ ಪೋಂ ದೇಜಾರ್ ಸೇತುವೆಯ ದೊಡ್ಡ ಚಿತ್ರವನ್ನೂ ಅದರ ಜೊತೆ ಮುದ್ರಿಸಿದ್ದೀರಿ. ಆ ಚಿತ್ರ 2015ಕ್ಕೂ ಹಿಂದಿನದು. ಅಂದಿನ ಜಾಲರಿ ಈಗ ಅಲ್ಲಿಲ್ಲ, ಅದಕ್ಕೆ ಜೋತುಬಿದ್ದ ಬೀಗಗಳೂ ಇಲ್ಲ. ಅವು ಯಾಕಿಲ್ಲ ಎಂಬುದನ್ನು ತಮ್ಮ ಓದುಗರಿಗೆ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಸೇವೆಯಲ್ಲಿ ಸೇತುವೆಗಳ ಕೆಲಸ ನೋಡಿಕೊಂಡು ನಿವೃತ್ತಳಾದ ಎಂಜಿನಿಯರ್. ನಮ್ಮವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ಮಗಳು ಕೆಲಸದ ನಿಮಿತ್ತ ಬ್ರಸೆಲ್ಸ್‌ನಲ್ಲಿದ್ದಾಳೆ. ನಾವು ಅವಳಲ್ಲಿಗೆ ಹೋಗಿದ್ದಾಗ ನಮ್ಮ ಮದುವೆಯ ದಿನ ಬಂತು. ಅವಳು ಒಂದು ಪ್ರವಾಸ ಸಂಸ್ಥೆಯ ಮೂಲಕ ಪ್ಯಾರಿಸ್‌ನಲ್ಲಿ ಶನಿವಾರ, ಭಾನುವಾರ ಕಳೆಯುವ ಏರ್ಪಾಡು ಮಾಡಿಕೊಟ್ಟಳು. ಬ್ರಸೆಲ್ಸ್‌ನಿಂದ ವೇಗದ ರೈಲು ಹತ್ತಿದರೆ ಒಂದೂವರೆ ಗಂಟೆಯೊಳಗೆ ಪ್ಯಾರಿಸ್‌ನ ಗಾರ್ ದು ನೋರ್ ನಿಲ್ದಾಣ. ಹೋಟೆಲಿನ ಕೋಣೆಯ ಮೇಜಿನ ಮೇಲೆ ಪ್ರವಾಸ ಸಂಸ್ಥೆಯ ಉಡುಗೊರೆಯೆಂದು ಒಂದು ಪುಟ್ಟ ಬಟ್ಟೆಯ ಚೀಲ ಇಟ್ಟಿದ್ದರು. ಅದರಲ್ಲಿ ಹೃದಯಾಕಾರದ ಹಿತ್ತಾಳೆಯ ಬೀಗ, ಎರಡು ಕೀಲಿ, ಅಳಿಸಲಾಗದ ಮಸಿಯ ಪೆನ್ನು, ಯಾವ ಸೇತುವೆಗೆ ಹಾಕಬಹುದೆಂದು ಗುರುತು ಮಾಡಿದ ನಕ್ಷೆ.

ನಮ್ಮವರು ಮನಸ್ಸಿನಲ್ಲಿರುವುದನ್ನು ಮಾತಿನಲ್ಲಿ ಹೇಳುವ ಪೈಕಿ ಅಲ್ಲ. ಅಂಥವರು ಅಂದು ಕನ್ನಡಕ ಏರಿಸಿಕೊಂಡು, ನಾಲಿಗೆಯ ತುದಿ ಕಚ್ಚಿಕೊಂಡು, ಆ ಬೀಗದ ಮೇಲೆ ನನ್ನ ಹೆಸರನ್ನು ಕನ್ನಡದಲ್ಲಿ ದುಂಡಗೆ ಬರೆದರು. ಒತ್ತಕ್ಷರಕ್ಕೆ ಜಾಗ ಸಾಲದೆ ಅದನ್ನು ಬೀಗದ ಅಂಚಿಗೆ ತಂದು ಕೂರಿಸಿದರು. ಅದನ್ನು ನೋಡಿ ನನಗಾದ ಸಂತೋಷವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಬೀಗ ಹಾಕುವ ದಂಪತಿಗಳ ಮನಸ್ಸು ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು. ಅವರ ಬಗ್ಗೆ ನನಗೆ ಕೋಪವಿಲ್ಲ. ನನ್ನ ತಕರಾರು ಇರುವುದು, ಇದನ್ನು ಮಾಡಿ ಎಂದು ಹೇಳಿಕೊಡುವವರ ಮೇಲೆ.

ಸೇತುವೆಯ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ಪೋಂ ದೇಜಾರ್ ಪ್ಯಾರಿಸ್‌ನ ಮೊದಲ ಕಬ್ಬಿಣದ ಸೇತುವೆ. 1801 ಮತ್ತು 1804ರ ನಡುವೆ ನೆಪೋಲಿಯನ್ನನ ಕಾಲದಲ್ಲಿ ಕಟ್ಟಿದ್ದು. ನದಿಯ ಒಂದು ದಡದಲ್ಲಿ ಫ್ರಾನ್ಸ್‌ನ ವಿದ್ವತ್ ಸಂಸ್ಥೆ, ಇನ್ನೊಂದು ದಡದಲ್ಲಿ ಲೂವ್ರ್ ಸಂಗ್ರಹಾಲಯ. ನಡುವೆ ಕಾಲ್ನಡಿಗೆಯವರಿಗೆ ಮಾತ್ರ ದಾರಿ. ಹಳೆಯ ಸೇತುವೆಗೆ ಒಂಬತ್ತು ಕಮಾನುಗಳಿದ್ದವು. ಯುದ್ಧಗಳ ಬಾಂಬು, ಮೇಲಿಂದ ಮೇಲೆ ಗುದ್ದಿದ ದೋಣಿಗಳು ಅದನ್ನು ಸೊರಗಿಸಿದವು. 1979ರಲ್ಲಿ ಸರಕು ದೋಣಿಯೊಂದು ಡಿಕ್ಕಿ ಹೊಡೆದಾಗ ದೊಡ್ಡ ಭಾಗವೇ ಕುಸಿಯಿತು. ಈಗಿರುವುದು 1984ರ ಹೊತ್ತಿಗೆ ಹಳೆಯ ರೂಪವನ್ನೇ ಅನುಸರಿಸಿ ಮತ್ತೆ ಕಟ್ಟಿದ ಏಳು ಕಮಾನಿನ ಸೇತುವೆ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದರ ಮೇಲೆ 2008ರ ಸುಮಾರಿಗೆ ಬೀಗಗಳು ಬಂದು ಕುಳಿತವು. 2014ರ ಜೂನ್‌ನಲ್ಲಿ ಪಕ್ಕದ ಜಾಲರಿಯ ಒಂದು ಭಾಗ ಬೀಗಗಳ ಭಾರಕ್ಕೆ ಕಿತ್ತು ಬಿತ್ತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಮರುವರ್ಷ ಜೂನ್ 1ರಿಂದ ನಗರಾಡಳಿತ ಅವುಗಳನ್ನು ಕತ್ತರಿಸಿ ತೆಗೆಸಿತು. ತೂಕ ಸುಮಾರು 45 ಟನ್. ಬೀಗಗಳ ಸಂಖ್ಯೆ ಹತ್ತು ಲಕ್ಷದ ಹತ್ತಿರ ಎಂದು ಅಂದಾಜು.

ಬೀಗವೊಂದರ ತೂಕ ಎಷ್ಟು ಮಹಾ ಎಂದು ಕೇಳಬಹುದು. ಸೇತುವೆಯ ಪಕ್ಕದ ತಡೆಗಂಬಿಯನ್ನು ಲೆಕ್ಕ ಹಾಕುವುದು ಅದಕ್ಕೆ ಒರಗಿ ನಿಲ್ಲುವ ಜನರಿಗಾಗಿ. ಜನ ಒರಗುತ್ತಾರೆ, ಹೋಗುತ್ತಾರೆ. ಆದರೆ ಬೀಗ ಹೋಗುವುದಿಲ್ಲ. ಹಗಲೂ ರಾತ್ರಿ ಅಲ್ಲೇ ಜೋತಾಡುತ್ತದೆ. ನಿನ್ನೆಯ ಬೀಗಕ್ಕೆ ಇಂದಿನ ಬೀಗ, ಅದಕ್ಕೆ ನಾಳೆಯದು ಎಂದು ಸರಪಳಿಯಾಗಿ ಹೊರಕ್ಕೆ ಬೆಳೆಯುತ್ತಾ ಹೋದಷ್ಟೂ ಚೌಕಟ್ಟನ್ನು ಹಿಡಿದ ಬೋಲ್ಟುಗಳ ಮೇಲೆ ಎಳೆತ ಹೆಚ್ಚುತ್ತದೆ. ಗಾಳಿಯ ಮಾತೂ ಇದೆ. ಬರಿಯ ಜಾಲರಿಯಾದರೆ ಗಾಳಿ ತೂರಿಹೋಗುತ್ತದೆ. ಕಣ್ಣುಕಣ್ಣಿಗೂ ಬೀಗ ತುಂಬಿದರೆ ಅದು ಗೋಡೆಯಾಗುತ್ತದೆ. ನದಿಯ ಮೇಲಿನ ಗಾಳಿಯ ಒತ್ತಡವನ್ನೆಲ್ಲ ಆ ತೆಳ್ಳನೆಯ ಚೌಕಟ್ಟೇ ತಡೆಯಬೇಕು. ಅದು ಬೀಳುವಾಗ ಕೆಳಗೆ ಜನರನ್ನು ತುಂಬಿಕೊಂಡ ದೋಣಿ ಹಾದುಹೋಗುತ್ತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಭಾರಕ್ಕಿಂತ ಮೆಲ್ಲಗೆ ನಡೆಯುವ ಇನ್ನೊಂದು ಹಾನಿ ತುಕ್ಕು. ಬೀಗ ಹಿತ್ತಾಳೆಯದು, ಕಂಬಿ ಉಕ್ಕಿನದು. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿ, ನಡುವೆ ಮಳೆನೀರು ನಿಂತರೆ, ಅಲ್ಲಿ ಸಣ್ಣದೊಂದು ಬ್ಯಾಟರಿಯೇ ಸಿದ್ಧವಾಗುತ್ತದೆ. ಮೊದಲು ಉಕ್ಕಿನ ಮೇಲಿನ ಸತುವಿನ ಲೇಪ ಕರಗುತ್ತದೆ, ಆಮೇಲೆ ಉಕ್ಕು ತುಕ್ಕು ಹಿಡಿಯುತ್ತದೆ. ಹಿತ್ತಾಳೆಯ ಬೀಗ ಹೆಚ್ಚು ಸವೆಯದೆ ಉಳಿಯುತ್ತದೆ. ನಗರಾಡಳಿತ ಎಷ್ಟು ತೆಗೆದರೂ ಬೀಗಗಳು ಬೇರೆ ಕಡೆ ಮೊಳೆಯುತ್ತಲೇ ಇವೆ. ಅಂಥ ಒಂದು ಕಂಬಿಯ ಬಳಿ ನಮ್ಮವರನ್ನು ಕರೆದುಕೊಂಡು ಹೋಗಿ, ಒಂದು ಬೀಗವನ್ನು ಬೆರಳಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ ತೋರಿಸಿದೆ. ಬೀಗದ ಕೊಂಡಿ ಉಜ್ಜಿದ ಜಾಗದಲ್ಲಿ ಬಣ್ಣ ಕಿತ್ತು ಅರ್ಧಚಂದ್ರದಂಥ ಗಾಯವಾಗಿತ್ತು. ಅದರ ಕೆಳಗೆ ಕಂಬಿಯುದ್ದಕ್ಕೂ ಕಂದು ಬಣ್ಣದ ನೀರಿಳಿದ ಗೆರೆ. ನಮ್ಮವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಜರ್ಮನಿಯ ರೈಲು ಸೇತುವೆಯಲ್ಲಿ ಬಿಟ್ಟಿದ್ದಾರಂತಲ್ಲ?” ಎಂದರು. ಮಗಳು ಹೇಳಿದ್ದಳು.

ಪ್ರಶ್ನೆ ಸರಿಯಾಗಿಯೇ ಇತ್ತು. ಕಲೋನ್ ನಗರದಲ್ಲಿ ರೈನ್ ನದಿಯ ಮೇಲಿರುವ ಹೊಹೆನ್‌ಜೊಲರ್ನ್ ಸೇತುವೆಯಲ್ಲಿ ಬೀಗಗಳ ರಾಶಿಯೇ ಇದೆ. ತೆಗೆಸುತ್ತೇವೆಂದು ಮೊದಲು ಹೇಳಿದ್ದ ಅಲ್ಲಿನ ರೈಲ್ವೆ ಆಮೇಲೆ ಸುಮ್ಮನಾಯಿತು. ಆದರೆ ಅದು ಇಡೀ ದಿನ ರೈಲುಗಳನ್ನು ಹೊರುವ ಸೇತುವೆ. ಹತ್ತಾರು ಟನ್ ಬೀಗ ಅದಕ್ಕೆ ಲೆಕ್ಕಕ್ಕೇ ಇಲ್ಲ. ಕಾಲ್ನಡಿಗೆಯ ಸೇತುವೆಯ ಜಾಲರಿಗೂ ಅದಕ್ಕೂ ಹೋಲಿಕೆಯೇ ಅಲ್ಲ. ಮಾಸ್ಕೋದಲ್ಲಿ ಬೀಗ ಹಾಕಲೆಂದೇ ಕಬ್ಬಿಣದ ಮರಗಳನ್ನು ನಿಲ್ಲಿಸಿದ್ದಾರೆ. ದಕ್ಷಿಣ ಕೊರಿಯಾದ ಸೋಲ್ ನಗರದ ಗೋಪುರದ ಬಳಿಯೂ ಅದಕ್ಕೆಂದೇ ಜಾಗ ಮಾಡಿಕೊಟ್ಟಿದ್ದಾರೆ. ಊರಿನವರೇ ಜಾಗ ಕೊಟ್ಟ ಕಡೆ ಹಾಕುವವರು ಹಾಕಲಿ, ನನ್ನ ಆಕ್ಷೇಪವಿಲ್ಲ. ರೋಮ್ ನಗರದವರು ತಮ್ಮ ಪ್ರಾಚೀನ ಮಿಲ್ವಿಯೋ ಸೇತುವೆಯಿಂದ 2012ರಲ್ಲೇ ಬೀಗಗಳನ್ನು ತೆಗೆಸಿದರು. ಬೇಡ ಎಂದವರ ಮನೆಯ ಬಾಗಿಲಿಗೆ ಹೋಗಿ ನಮ್ಮ ಹೆಸರು ಕೆತ್ತಿ ಬರುವುದು ಯಾವ ಮರ್ಯಾದೆ?

ಇನ್ನು ಕೀಲಿ. ಸೇನ್ ನದಿಯಲ್ಲಿ ಈಜುವುದನ್ನು 1923ರಲ್ಲಿ ನಿಷೇಧಿಸಿದ್ದರು. ಸುಮಾರು 140 ಕೋಟಿ ಯೂರೋ ಸುರಿದು ಚರಂಡಿ ನೀರನ್ನು ತಡೆದು, ನೂರು ವರ್ಷಗಳ ಮೇಲೆ, 2025ರ ಜುಲೈಯಲ್ಲಿ ಮೂರು ಕಡೆ ಜನರಿಗೆ ನದಿಗಿಳಿಯಲು ಅವಕಾಶ ಮಾಡಿಕೊಟ್ಟರು. ಅದರಲ್ಲೊಂದು ಜಾಗ ನಗರದ ನಟ್ಟನಡುವೆ, ಸೇಂಟ್ ಲೂಯಿ ದ್ವೀಪದ ಎದುರಿಗೇ ಇದೆ. ಮಕ್ಕಳು ಈಜುವ ನದಿಗೆ ಲೋಹದ ಚೂರುಗಳನ್ನು ಎಸೆಯಿರಿ ಎಂದು ಪತ್ರಿಕೆಯೊಂದು ಹೇಳಬಾರದು. ನಗರದ ನಡುವಿನ ಸೇನ್ ದಡಗಳು 1991ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಸರಿ, ಬೀಗ ಬೇಡ ಎಂದಾದರೆ ಎರಡು ದಿನದಲ್ಲಿ ದಂಪತಿಗಳು ಮಾಡುವುದೇನು? ತಮ್ಮ ಲೇಖನದ ಪಟ್ಟಿಯಲ್ಲಿರುವ ಜಾಗಗಳನ್ನೆಲ್ಲ ಮುಗಿಸಬೇಕಾದರೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುವುದಕ್ಕೂ ಪುರುಸೊತ್ತಿರುವುದಿಲ್ಲ. ನಾವು ನದಿಯನ್ನೇ ಹಿಡಿದು ನಡೆದೆವು. ಬಲದಂಡೆಯ ಹಳೆಯ ಮೋಟಾರು ರಸ್ತೆಯನ್ನು ನಡೆಯುವವರಿಗೆ ಬಿಟ್ಟುಕೊಟ್ಟಿದ್ದಾರೆ. ಹಾರ್ನ್ ಸದ್ದಿಲ್ಲದೆ ಮಾತನಾಡಿಕೊಂಡು ಹೋಗಬಹುದು. ಮೇಲೆ ದಡದ ಗೋಡೆಯ ಮೇಲೆ ಹಳೆಯ ಪುಸ್ತಕ ಮಾರುವವರ ಹಸಿರು ಪೆಟ್ಟಿಗೆಗಳು. 2024ರ ಒಲಿಂಪಿಕ್ಸ್ ಉದ್ಘಾಟನೆಗಾಗಿ ಅವನ್ನು ಎತ್ತಂಗಡಿ ಮಾಡಲು ಹೊರಟಿದ್ದರು. ಜನ ಬಿಡಲಿಲ್ಲ, ಸರ್ಕಾರ ಕೈಬಿಟ್ಟಿತು. ಫ್ರೆಂಚ್ ಬಾರದಿದ್ದರೂ ನಮ್ಮವರು ಅಲ್ಲಿ ಹಳೆಯ ರೈಲಿನ ಅಂಚೆ ಕಾರ್ಡುಗಳನ್ನು ಹುಡುಕುತ್ತಾ ನಿಂತುಬಿಟ್ಟರು. ನಾನೂ ಅವಸರ ಮಾಡಲಿಲ್ಲ.

ಅಲ್ಲಿಂದ ಪೋಂ ನಫ್. ಇಂದು ನಿಂತಿರುವ ಪ್ಯಾರಿಸ್ ಸೇತುವೆಗಳಲ್ಲಿ ಎಲ್ಲಕ್ಕಿಂತ ಹಳೆಯದು. 1578ರಲ್ಲಿ ಶುರುವಾಗಿ, ನಡುವೆ ಅಂತರ್ಯುದ್ಧದಿಂದ ನಿಂತು, ನಾಲ್ಕನೆಯ ಹೆನ್ರಿಯ ಕಾಲದಲ್ಲಿ, 1607ರಲ್ಲಿ ಮುಗಿಯಿತು. ಆ ಕಾಲದ ಪ್ಯಾರಿಸ್ ಸೇತುವೆಗಳ ಮೇಲೆ ಎರಡೂ ಬದಿ ಮನೆಗಳಿರುತ್ತಿದ್ದವು. ಸೇತುವೆ ದಾಟಿದರೂ ನದಿ ಕಾಣುತ್ತಿರಲಿಲ್ಲ. ಇದರ ಮೇಲೆ ಮನೆ ಕಟ್ಟಲಿಲ್ಲ. ಬದಲಿಗೆ, ನಡೆಯುವವರಿಗೆ ಎತ್ತರದ ಕಾಲುದಾರಿ ಮಾಡಿದರು. ಕಂಬಗಳ ತಲೆಯ ಮೇಲೆ ಅರ್ಧಚಂದ್ರಾಕಾರದ ಮೂಲೆಗಳಿವೆ, ಅವುಗಳಲ್ಲಿ ಕಲ್ಲಿನ ಆಸನ. ಸಂಜೆ ಆ ಒಂದು ಮೂಲೆಯಲ್ಲಿ ನಾವು ಬಹಳ ಹೊತ್ತು ಕುಳಿತೆವು. ಬೆನ್ನಿಗೆ ಬಿಸಿಲು ಕುಡಿದ ಕಲ್ಲಿನ ಕಾವು, ಕೆಳಗೆ ದೋಣಿಗಳ ಸದ್ದು. ಕಲ್ಲಿನ ಬೆಸುಗೆಗಳು ಎಷ್ಟು ಬಿಗಿಯಾಗಿವೆ ಎಂದು ನಾನು ಹೇಳುತ್ತಿದ್ದರೆ ನಮ್ಮವರು ಕೇಳಿಸಿಕೊಂಡರು. ಆಮೇಲೆ ಅವರಾಗಿಯೇ, ಮದುವೆಯಾದ ಹೊಸದರಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮನೆಗೆ ಬರುವಾಗ ನಾನು ಡ್ಯೂಟಿಗೆ ಹೊರಟಾಗಿರುತ್ತಿದ್ದುದನ್ನು ನೆನೆದು, “ಆಗ ನಿನ್ನನ್ನು ನೋಡುತ್ತಿದ್ದದ್ದೇ ಕಡಿಮೆ, ಅಲ್ಲವಾ?” ಎಂದರು. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವರು ಆಡಿರಲಿಲ್ಲ. ಸಾಲು ಸಾಲು ಮನೆಗಳನ್ನು ಬಿಟ್ಟು ಬಯಲಾಗಿ ಕಟ್ಟಿದ ಸೇತುವೆಯಿಂದಲೇ ಆ ಸಂಜೆ ನಮಗೆ ಸಿಕ್ಕಿತು. ಅಂಥ ನೋಟವನ್ನು ಬೀಗದ ಗೋಡೆ ಕಟ್ಟಿ ಮುಂದಿನವರಿಗೆ ಇಲ್ಲದಂತೆ ಮಾಡುವುದನ್ನು ನಾನು ಹೇಗೆ ಒಪ್ಪಲಿ?

ಭಾನುವಾರ ಬೆಳಗ್ಗೆ ಪೆರ್ ಲಾಶೇಸ್ ಸ್ಮಶಾನಕ್ಕೆ ಹೋದೆವು. ವಾರ್ಷಿಕೋತ್ಸವಕ್ಕೆ ಸ್ಮಶಾನವೇ ಎಂದು ಕೆಲವರಿಗೆ ಅನ್ನಿಸಬಹುದು. ಹನ್ನೆರಡನೆಯ ಶತಮಾನದ ವಿದ್ವಾಂಸ ಅಬೆಲಾರ್ ಮತ್ತು ಅವನ ಶಿಷ್ಯೆ ಎಲೋಯಿಸ್ ಅಲ್ಲಿದ್ದಾರೆ. ಗುಟ್ಟಾಗಿ ಮದುವೆಯಾದರು. ಅವಳ ಸೋದರಮಾವ ಕಳುಹಿಸಿದ ಜನ ಅವನನ್ನು ಅಂಗಹೀನನನ್ನಾಗಿ ಮಾಡಿದರು. ಅವನು ಮಠ ಸೇರಿದ, ಅವಳು ಸನ್ಯಾಸಿನಿಯಾದಳು. ದೂರದಿಂದ ಅವರು ಬರೆದುಕೊಂಡ ಪತ್ರಗಳನ್ನು ಇಂದಿಗೂ ಜನ ಓದುತ್ತಾರೆ. 1817ರಲ್ಲಿ ಇಬ್ಬರ ಅವಶೇಷಗಳನ್ನೂ ಇಲ್ಲಿಗೆ ತಂದು ಒಂದೇ ಗೋರಿಯಲ್ಲಿಟ್ಟರು. ಪ್ರೇಮಿಗಳು ಬಂದು ಅಲ್ಲಿ ಚೀಟಿ ಬರೆದಿಟ್ಟು ಹೋಗುತ್ತಾರೆ. ಕಾಗದದ ಚೀಟಿ ಯಾವ ಕಲ್ಲನ್ನೂ ಕೀಳುವುದಿಲ್ಲ.

ಎಲ್ಲೋ ಒಂದು ಕಡೆ ಪ್ರೀತಿಯನ್ನು ಬರಹದಲ್ಲೇ ನೋಡಬೇಕು ಎನ್ನುವವರಿಗೆ ಮೋಂಮಾರ್ತ್ರದ ಅಬೆಸ್ ಮೆಟ್ರೋ ನಿಲ್ದಾಣದ ಪಕ್ಕದ ಉದ್ಯಾನವಿದೆ. 2000ದಲ್ಲಿ ಅಲ್ಲೊಂದು ಗೋಡೆ ಕಟ್ಟಿ, 612 ನೀಲಿ ಫಲಕಗಳ ಮೇಲೆ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಮಾತನ್ನು ನೂರಾರು ಭಾಷೆಗಳಲ್ಲಿ ಬರೆಸಿದ್ದಾರೆ. ಚಿತ್ರ ತೆಗೆಸಿಕೊಳ್ಳಲೂ ಅದು ಚೆನ್ನಾಗಿದೆ.

ಊರಿಗೆ ಮರಳಿದ ಮೇಲೆ ನಾನು ಆ ಪ್ರವಾಸ ಸಂಸ್ಥೆಗೆ ಬರೆದೆ. ಗ್ರಾಹಕರು ಬಯಸುತ್ತಾರೆ, ಅದಕ್ಕೆ ಕೊಡುತ್ತೇವೆ ಎಂಬ ಉತ್ತರ ಬಂತು. ಗ್ರಾಹಕರು ಬಯಸುವುದು ಪತ್ರಿಕೆಗಳಲ್ಲಿ ಓದಿ. ಪತ್ರಿಕೆಗಳು ಬರೆಯುವುದು ಇಂಥ ಸಂಸ್ಥೆಗಳ ಕರಪತ್ರ ನೋಡಿ. ಈ ಸುತ್ತನ್ನು ಎಲ್ಲಾದರೂ ತುಂಡರಿಸಲೇಬೇಕು, ಅದನ್ನು ತಮ್ಮ ಪತ್ರಿಕೆ ಮಾಡಬಲ್ಲದು ಎಂಬ ನಂಬಿಕೆಯಿಂದ ಕೇಳುತ್ತಿದ್ದೇನೆ. ತೆಗೆದ ಬೀಗಗಳಲ್ಲಿ ಒಂದು ಪಾಲನ್ನು 2017ರಲ್ಲಿ ಪ್ಯಾರಿಸ್ ನಗರಾಡಳಿತ ಹರಾಜು ಹಾಕಿ, ಬಂದ ಸುಮಾರು ಎರಡೂವರೆ ಲಕ್ಷ ಯೂರೋ ಹಣವನ್ನು ನಿರಾಶ್ರಿತರಿಗೆ ನೆರವಾಗುವ ಸಂಘಗಳಿಗೆ ಕೊಟ್ಟಿತು. ಅಂಥ ಸುದ್ದಿಗೂ ಪುರವಣಿಯಲ್ಲಿ ಜಾಗ ಸಿಗಲಿ.

ಮುಂದಿನ ಭಾನುವಾರ ಅದೇ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ. ಪೋಂ ದೇಜಾರ್ ಸೇತುವೆಯ ಈಗಿನ ಚಿತ್ರವನ್ನು, ಜಾಲರಿಯ ಬದಲು ಈಗಿರುವ ಗಾಜಿನ ಫಲಕಗಳ ಹಿಂದೆ ನದಿ ಕಾಣುವಂತೆ, ಹಳೆಯ ಚಿತ್ರದಷ್ಟೇ ದೊಡ್ಡದಾಗಿ ಮುದ್ರಿಸಿ. ವಾರಾಂತ್ಯಕ್ಕೆ ಸೋಮವಾರವನ್ನೋ ಮಂಗಳವಾರವನ್ನೋ ಸೇರಿಸಿಕೊಂಡು ಹೋಗುವವರಿಗೆ ಓರ್ಸೆ ಸಂಗ್ರಹಾಲಯ ಸೋಮವಾರ, ಲೂವ್ರ್ ಮಂಗಳವಾರ ಮುಚ್ಚಿರುತ್ತವೆ ಎಂಬುದನ್ನೂ ತಿಳಿಸಿ. ತಮ್ಮ ಲೇಖನದಲ್ಲಿ ಅದು ಬಿಟ್ಟುಹೋಗಿದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸೇತುವೆ ಎಂಜಿನಿಯರ್