ಪಗಡೆಗೆ ಪೇಟೆಂಟ್ ಕೇಳಿದ ಮಗಳಿಗೆ

ಪ್ರೀತಿಯ ಮಗಳೇ,

ನೀನು ಹೊಲಿದ ಪಗಡೆ ಹಾಸಿನ ಫೋಟೊ ನೋಡಿದೆ. ಹೊಲಿಗೆ ಸೊಗಸಾಗಿದೆ. ಕೆಳಗಿದ್ದ ಪ್ರಶ್ನೆ ಓದಿ ಮಾತ್ರ ನಗು ಬಂತು: ‘ಬೇರೆಯವರು ಮಾಡಿಸುವ ಮೊದಲೇ ಪಗಡೆಗೆ ಪೇಟೆಂಟ್ ಮಾಡಿಸಿಬಿಡಲೇ ಅಮ್ಮ?’

ಧರ್ಮರಾಯ ರಾಜ್ಯವನ್ನೇ ಸೋತರೂ ಆಟ ಶಕುನಿಯ ಸ್ವತ್ತಾಗಲಿಲ್ಲ, ನಿನಗೆ ಸಿಗುತ್ತದೆಯೇ? ನಮ್ಮ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಓದು. ಆಟ ಆಡುವ ವಿಧಾನ ಆವಿಷ್ಕಾರವಲ್ಲ ಎನ್ನುತ್ತದೆ. ಪಾರಂಪರಿಕ ಜ್ಞಾನವನ್ನೂ ಅದೇ ಸೆಕ್ಷನ್ ಹೊರಗಿಡುತ್ತದೆ. ಪಗಡೆ ಎರಡು ಕಡೆಯೂ ಸಿಕ್ಕಿಬೀಳುತ್ತದೆ.

ಆದರೆ ಹೆಸರಿನ ಕಥೆಯೇ ಬೇರೆ. ಪಗಡೆಯಂಥದೇ ಹಾಸಿನ ಮೇಲೆ, ಕವಡೆಯಲ್ಲಿ ಇಪ್ಪತ್ತೈದರ ಗರ ಬೀಳುವ ಆಟ ಉತ್ತರದವರಿಗೆ ‘ಪಚ್ಚೀಸಿ’. ಫತೇಪುರ್ ಸಿಕ್ರಿಯ ಅಂಗಳದಲ್ಲಿ ಅದರ ಹಾಸು ಕಲ್ಲಿನಲ್ಲೇ ಇದೆ. ಆ ಹೆಸರು ಅಮೆರಿಕದಲ್ಲಿ ಕೊಂಚ ತಿರುಚಿಕೊಂಡು ‘ಪಾರ್ಚೀಸಿ’ ಆಯಿತು, ಮುಂದೆ ಸೆಲ್ಚೊ ಅಂಡ್ ರೈಟರ್ ಎನಿಸಿಕೊಂಡ ಅಲ್ಲಿನ ಕಂಪನಿ 1874ರಲ್ಲಿ ಅದನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತು. ಆಟ ಎಲ್ಲರದಾಗಿಯೇ ಉಳಿಯಿತು, ಪೆಟ್ಟಿಗೆಯ ಮೇಲಿನ ಹೆಸರು ಅವರದಾಯಿತು, ದುಡ್ಡೂ ಅದರ ಹಿಂದೆಯೇ ಹೋಯಿತು. ಕಾನೂನಿನ ಲೆಕ್ಕದಲ್ಲಿ ತಪ್ಪಿಲ್ಲ. ನನಗೇಕೋ ಇಂದಿಗೂ ಹೊಟ್ಟೆಯುರಿ.

ಹಾಗೆಂದು ಮಾರಬೇಡ ಎನ್ನುತ್ತಿಲ್ಲ. ಅಂಚಿಗೆ ನೀನೇ ಬಿಡಿಸಿದ ಬಳ್ಳಿ ನಿನ್ನದು. ಅದನ್ನು ಯಾರಾದರೂ ಹಾಗೆಯೇ ಎತ್ತಿಕೊಂಡರೆ ಜಗಳವಾಡು. ಬಟ್ಟೆ, ದಾರ, ರಾತ್ರಿಯೆಲ್ಲ ಕಣ್ಣು ನೋಯಿಸಿಕೊಂಡದ್ದು, ಇಷ್ಟಕ್ಕೂ ಧಾರಾಳವಾಗಿ ಬೆಲೆ ಹಾಕು. ‘ಪುರಾತನ ಪರಂಪರೆ’ ಎಂದು ಚೀಟಿ ಅಂಟಿಸಿ ಅದಕ್ಕೊಂದಿಷ್ಟು ಸೇರಿಸಬೇಡ. ಆ ಭಾಗಕ್ಕೆ ನೀನು ಒಂದು ಹೊಲಿಗೆಯನ್ನೂ ಹಾಕಿಲ್ಲ.

ಅಜ್ಜಿಯ ಹಾಸು ನೆನಪಿದೆಯೇ? ಪ್ರತಿ ತೋಳಿಗೆ ಮೂರು ಸಾಲು, ಸಾಲಿಗೆ ಎಂಟು ಮನೆ ಇರಬೇಕು. ಅವರು ಬಟ್ಟೆ ಸಾಲದೆ ಒಂದು ತೋಳಿಗೆ ಏಳೇ ಹೊಲಿದಿದ್ದರು. ನಡುಸಾಲಿನಲ್ಲಿ ಇಳಿಯುವಾಗ ಒಂದು, ಸುತ್ತು ಮುಗಿಸಿ ಹಣ್ಣಾಗಲು, ಅಂದರೆ ನಡುಮನೆ ಸೇರಲು, ಮರಳಿ ಏರುವಾಗ ಇನ್ನೊಂದು, ಹೀಗೆ ಆ ಕಡೆ ಕುಳಿತವರಿಗೆ ಕಾಯಿಗೆ ಎರಡು ಮನೆ ಲಾಭ. ಆ ಜಾಗಕ್ಕಾಗಿ ನಿನ್ನ ಅಪ್ಪ ಮತ್ತು ಚಿಕ್ಕಪ್ಪ ಗರ ಬೀಳುವ ಮೊದಲೇ ಕಿತ್ತಾಡುತ್ತಿದ್ದರು. ಎಲ್ಲಿಂದಲೋ ಬಂದ ಆಟದಲ್ಲಿ ನಮ್ಮದು ಎನ್ನುವಂಥದ್ದು ಆ ಒಂದು ತಪ್ಪು ಮಾತ್ರ.

ಫೋಟೊ ಹಿಗ್ಗಿಸಿ ಎಣಿಸಿದೆ. ನಾಲ್ಕೂ ತೋಳಿಗೆ ಎಂಟೆಂಟು ಸರಿಯಾಗಿವೆ. ಮಾರುವವನ್ನು ಹಾಗೆಯೇ ಹೊಲಿ. ಮನೆಗೆ ಒಂದು ಹೊಲಿಯುವಾಗ ಒಂದು ತೋಳಿಗೆ ಏಳೇ ಹಾಕು.

ನಿನ್ನ,
ಅಮ್ಮ