ಟೋಫು ಮತ್ತು ಕಾಳಿನ ಕುರಿತು ತಂಗಿಯ ಮಗಳಿಗೊಂದು ಪತ್ರ

ಚಿರಂಜೀವಿ ಅನಘಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮಾಂಸಾಹಾರ ಬಿಟ್ಟ ಮೇಲೆ ಪ್ರೋಟೀನು ಕಡಿಮೆಯಾಗಬಾರದೆಂದು ನೀನು ಇಷ್ಟು ಮುತುವರ್ಜಿಯಿಂದ ಲೆಕ್ಕ ಹಾಕುತ್ತಿರುವುದು ನನಗೆ ಸಂತೋಷ ತಂದಿದೆ. ಆದರೆ ಇನ್ನು ಮುಂದೆ ಕಾಳುಗಳ ಗೊಡವೆಯೇ ಬೇಡ, ಸೋಯಾ ಹಾಲಿನಿಂದ ಮಾಡುವ, ಪನೀರಿನಂತಹ ಟೋಫು ಒಂದಿದ್ದರೆ ಸಾಕು ಎಂದು ನೀನು ಬರೆದಿರುವುದನ್ನು ನಾನು ಒಪ್ಪಲಾರೆ. ಏಕೆ ಒಪ್ಪಲಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಸಾವಧಾನದಿಂದ ಓದು.

ಟೋಫು, ರಾಜ್ಮಾ ಎರಡರಲ್ಲಿ ಯಾವುದರಲ್ಲಿ ಪ್ರೋಟೀನು ಹೆಚ್ಚು ಎಂಬ ನಿನ್ನ ಮತ್ತು ನಿನ್ನ ತಮ್ಮನ ವಾದವನ್ನು ಮೊದಲು ಬಗೆಹರಿಸುತ್ತೇನೆ. ನೂರು ಗ್ರಾಂ ರಾಜ್ಮಾದಲ್ಲಿ 23 ಗ್ರಾಂ ಪ್ರೋಟೀನು ಇದೆ ಎಂದು ಅವನು ಹೇಳಿದ್ದು ಸುಳ್ಳಲ್ಲ, ಆದರೆ ಅದು ಒಣಕಾಳಿನ ಲೆಕ್ಕ. ನೆನೆದು ಬೆಂದ ಕಾಳು ನೀರು ಹೀರಿ ಎರಡು ಪಟ್ಟಿಗಿಂತ ಹೆಚ್ಚು ತೂಗುತ್ತದೆಯಾದ್ದರಿಂದ, ತಟ್ಟೆಗೆ ಬರುವ ನೂರು ಗ್ರಾಂ ಬೆಂದ ರಾಜ್ಮಾದಲ್ಲಿ ಉಳಿಯುವುದು ಸುಮಾರು 9 ಗ್ರಾಂ ಮಾತ್ರ. ಅತ್ತ ಕ್ಯಾಲ್ಸಿಯಂ ಲವಣ ಹಾಕಿ ಗಟ್ಟಿಯಾಗಿ ಒತ್ತಿದ ಟೋಫುವಿನಲ್ಲಿ ಅಷ್ಟೇ ತೂಕಕ್ಕೆ ಸುಮಾರು 17 ಗ್ರಾಂ ದೊರೆಯುತ್ತದೆ. ಆದರೆ ಎಲ್ಲ ಟೋಫುವೂ ಹಾಗಲ್ಲ. ನೀರು ಹೆಚ್ಚಿರುವ ಮೆತ್ತನೆಯ ಬಗೆಯಲ್ಲಿ ಇರುವುದು ಸುಮಾರು ಐದರಿಂದ ಏಳು ಗ್ರಾಂ ಮಾತ್ರ. ಆದ್ದರಿಂದ ಟೋಫುವನ್ನು ಹೆಸರು ನೋಡಿ ಕೊಳ್ಳಬೇಡ, ಪೊಟ್ಟಣದ ಹಿಂದೆ ಅಚ್ಚಾಗಿರುವ ಅಂಕಿಗಳನ್ನು ಓದಿ ಕೊಳ್ಳು.

ಟೋಫು ತಯಾರಾಗುವ ಬಗೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸೋಯಾಕಾಳನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಹಾಲು ತೆಗೆಯುತ್ತಾರೆ. ಆ ಹಾಲನ್ನು ಕಾಯಿಸಿ, ಲವಣ ಬೆರೆಸಿ ಒಡೆಸಿ, ಗಡ್ಡೆಗಟ್ಟಿದ್ದನ್ನು ಒತ್ತಿ ನೀರು ಹಿಂಡುತ್ತಾರೆ. ಬಟ್ಟೆಯಲ್ಲಿ ಉಳಿಯುವ ಒರಟು ಚರಟದಲ್ಲಿಯೇ ಕಾಳಿನ ನಾರಿನಂಶ ಬಹುಪಾಲು ಉಳಿದುಹೋಗುತ್ತದೆ, ಹಿಂಡಿದ ನೀರಿನಲ್ಲಿ ಹೊಟ್ಟೆಯುಬ್ಬರ ತರುವ ಸಕ್ಕರೆಗಳು ಹೋಗುತ್ತವೆ. ಕೈಗೆ ಬರುವುದು ಪ್ರೋಟೀನು ಮತ್ತು ಕೊಬ್ಬು ಸಾಂದ್ರವಾಗಿರುವ ಮೃದುವಾದ ಗಡ್ಡೆ. ಟೋಫು ಸುಲಭವಾಗಿ ಜೀರ್ಣವಾಗುವುದಕ್ಕೂ ಅದರಲ್ಲಿ ನಾರು ಇಲ್ಲವೆನ್ನುವಷ್ಟು ಕಡಿಮೆಯಿರುವುದಕ್ಕೂ ಕಾರಣ ಒಂದೇ.

ನಾನು ಕಾಳಿನ ಪರವಾಗಿ ಪಟ್ಟು ಹಿಡಿಯುವುದು ಈ ನಾರಿನ ಕಾರಣಕ್ಕಾಗಿಯೇ. ನೂರು ಗ್ರಾಂ ಬೆಂದ ರಾಜ್ಮಾದಲ್ಲಿ ಆರೇಳು ಗ್ರಾಂ ನಾರಿದ್ದರೆ, ಬೆಂದ ಕಾಬೂಲಿ ಕಡಲೆಯಲ್ಲಿ ಏಳೂವರೆ ಗ್ರಾಂನಷ್ಟಿದೆ. ಗಟ್ಟಿ ಟೋಫುವಿನಲ್ಲಿ ಇರುವುದು ಎರಡು ಗ್ರಾಂ ಆಸುಪಾಸು ಮಾತ್ರ. ಮಲಬದ್ಧತೆ ತಡೆಯುವುದು, ಊಟದ ನಂತರ ರಕ್ತದ ಸಕ್ಕರೆ ಥಟ್ಟನೆ ಏರದಂತೆ ನೋಡಿಕೊಳ್ಳುವುದು, ಕೆಟ್ಟ ಕೊಲೆಸ್ಟರಾಲನ್ನು ಇಳಿಸಲು ನೆರವಾಗುವುದು, ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಹಾರವಾಗುವುದು, ಇವೆಲ್ಲವೂ ನಾರಿನ ಕೆಲಸ. ಪ್ರೋಟೀನು ಎಷ್ಟೇ ಇದ್ದರೂ ಈ ಕೆಲಸವನ್ನು ಮಾಡಿಕೊಡಲಾರದು. ಇದರ ಜೊತೆಗೆ ಫೋಲೇಟನ್ನೂ ಗಮನಿಸು. ನೂರು ಗ್ರಾಂ ಬೆಂದ ರಾಜ್ಮಾದಲ್ಲಿ ಸುಮಾರು 130 ಮೈಕ್ರೋಗ್ರಾಂ ಫೋಲೇಟ್ ಇದೆ, ಟೋಫುವಿನಲ್ಲಿ ಅದರ ಕಾಲುಭಾಗವೂ ಸಿಗುವುದಿಲ್ಲ. ಹೊಸ ರಕ್ತಕಣಗಳು ಹುಟ್ಟುವುದಕ್ಕೆ ಬೇಕಾದ ಈ ಜೀವಸತ್ವವನ್ನು ನಿನ್ನ ವಯಸ್ಸಿನ ಹೆಣ್ಣುಮಕ್ಕಳು ಅಲಕ್ಷಿಸಲೇಬಾರದು.

ಹಾಗೆಂದು ಟೋಫುವಿನ ಹಿರಿಮೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಸೋಯಾದ ಪ್ರೋಟೀನಿನಲ್ಲಿ ಅಗತ್ಯವಾದ ಒಂಬತ್ತು ಅಮೈನೋ ಆಮ್ಲಗಳೂ (ಪ್ರೋಟೀನನ್ನು ಕಟ್ಟುವ ಘಟಕಗಳು) ದೇಹ ಕೇಳುವ ಪ್ರಮಾಣಕ್ಕೆ ಬಹಳ ಹತ್ತಿರದಲ್ಲಿವೆ. ರಾಜ್ಮಾ, ಕಡಲೆ ಮುಂತಾದವುಗಳಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಕಡಿಮೆ. ಆದರೆ ಈ ಕೊರತೆಯನ್ನು ಅಕ್ಕಿ, ಗೋಧಿಯಂತಹ ಧಾನ್ಯಗಳು ತುಂಬಿಕೊಡುತ್ತವೆ, ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ಕಾಳು ಕೊಡುತ್ತದೆ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂದೇನೂ ಇಲ್ಲ, ಒಂದೇ ದಿನದೊಳಗೆ ತಿಂದರೆ ಸಾಕು. ಕ್ಯಾಲೊರಿಯ ಲೆಕ್ಕದಲ್ಲಿಯೂ ಟೋಫು ಮುಂದಿದೆ: 17 ಗ್ರಾಂ ಪ್ರೋಟೀನಿಗಾಗಿ ಗಟ್ಟಿ ಟೋಫು ತಿಂದರೆ 145 ಕ್ಯಾಲೊರಿಯ ಆಸುಪಾಸು, ರಾಜ್ಮಾ ತಿಂದರೆ 250ರ ಆಸುಪಾಸು. ಟೋಫುವಿನ ಕೊಬ್ಬಿನ ಬಗ್ಗೆ ಹೆದರಬೇಡ, ಅದರ ಹೆಚ್ಚಿನ ಪಾಲು ಹೃದಯಕ್ಕೆ ಹಿತವಾದ ಅಪರ್ಯಾಪ್ತ ಕೊಬ್ಬು. ತೂಕ ಇಳಿಸುವ ದಿನಗಳಲ್ಲಿ, ಅಥವಾ ಜ್ವರದಿಂದ ಎದ್ದು ಹೊಟ್ಟೆ ನಾಜೂಕಾಗಿರುವಾಗ, ನಾನೇ ನಿನಗೆ ಟೋಫುವನ್ನು ಸೂಚಿಸುತ್ತೇನೆ.

ಕ್ಯಾಲ್ಸಿಯಂ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಸೋಯಾ ಹಾಲು ಒಡೆಸಲು ಕ್ಯಾಲ್ಸಿಯಂ ಸಲ್ಫೇಟ್ ಬಳಸಿದ್ದರೆ ನೂರು ಗ್ರಾಂ ಟೋಫುವಿನಲ್ಲಿ ಹಲವು ನೂರು ಮಿಲಿಗ್ರಾಂ ಕ್ಯಾಲ್ಸಿಯಂ ಸಿಗಬಹುದು. ಮೆಗ್ನೀಸಿಯಂ ಕ್ಲೋರೈಡ್ ಬಳಸಿದ್ದರೆ ಅದು ಬಹಳ ಇಳಿದುಹೋಗುತ್ತದೆ. ಹಾಲು ಕುಡಿಯುವುದನ್ನೂ ಬಿಟ್ಟಿರುವ ನೀನು ಪದಾರ್ಥಗಳ ಪಟ್ಟಿಯಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಎಂಬ ಹೆಸರನ್ನು ಹುಡುಕಿ ನೋಡಲೇಬೇಕು. ಬಿ12 ಜೀವಸತ್ವವಂತೂ ಬೇರೆಯಾಗಿ ಸೇರಿಸದ ಹೊರತು ಟೋಫುವಿನಲ್ಲಿಯೂ ಇಲ್ಲ, ಕಾಳಿನಲ್ಲಿಯೂ ಇಲ್ಲ. ಅದಕ್ಕೆ ಬೇರೆ ದಾರಿಯನ್ನು ವೈದ್ಯರಲ್ಲಿ ಕೇಳಿಯೇ ಮಾಡಿಕೊ.

ಕಬ್ಬಿಣಾಂಶ ಎರಡರಲ್ಲಿಯೂ ಇದೆ, ಆದರೆ ಅವುಗಳಲ್ಲಿ ಸಹಜವಾಗಿಯೇ ಇದ್ದು ಕಬ್ಬಿಣವನ್ನು ಹಿಡಿದಿಡುವ ಫೈಟಿಕ್ ಆಮ್ಲದ ದೆಸೆಯಿಂದ ಅದರಲ್ಲಿ ಅಲ್ಪಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಕಾಳನ್ನು ಚೆನ್ನಾಗಿ ನೆನೆಸುವುದು ಅಥವಾ ಮೊಳಕೆ ಬರಿಸುವುದು, ಊಟದಲ್ಲಿ ನಿಂಬೆರಸ ಹಿಂಡಿಕೊಳ್ಳುವುದು, ಊಟವಾದ ಕೂಡಲೇ ಕಾಫಿ, ಚಹಾ ಕುಡಿಯದಿರುವುದು, ಇಷ್ಟನ್ನು ಪಾಲಿಸಿದರೆ ಅದೇ ಆಹಾರದಿಂದ ಹೆಚ್ಚು ಕಬ್ಬಿಣ ದಕ್ಕುತ್ತದೆ.

ಕಾಳು ತಿಂದರೆ ಹೊಟ್ಟೆ ಉಬ್ಬರಿಸುತ್ತದೆಯೆಂಬ ನಿನ್ನ ದೂರು ನ್ಯಾಯವಾದದ್ದೇ. ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸು. ಮೊದಮೊದಲು ಎರಡು ಮೂರು ಚಮಚದಷ್ಟೇ ತಿಂದು, ಕೆಲವು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಿಕೊ, ಕರುಳು ಒಗ್ಗಿಕೊಳ್ಳುತ್ತದೆ. ರಾಜ್ಮಾ ಬೇಯಿಸುವಾಗ ಇನ್ನೂ ಒಂದು ಜಾಗ್ರತೆ ಬೇಕು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದ್ದು, ಸರಿಯಾಗಿ ಬೇಯದ ನಾಲ್ಕೈದು ಕಾಳು ಕೂಡ ತೀವ್ರ ವಾಂತಿ ಭೇದಿಗೆ ಕಾರಣವಾಗಬಹುದು. ಕುದಿಯುವ ಮಟ್ಟ ಮುಟ್ಟದ ಮಂದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೂ ಅದು ನಾಶವಾಗುವುದಿಲ್ಲ. ಆದ್ದರಿಂದ ನೆನೆದ ಕಾಳನ್ನು ಕನಿಷ್ಠ ಅರ್ಧ ಗಂಟೆ ಕೊತಕೊತನೆ ಕುದಿಸು ಅಥವಾ ಕುಕ್ಕರಿನಲ್ಲಿ ಬೇಯಿಸು, ಬೆರಳುಗಳ ನಡುವೆ ಒತ್ತಿದರೆ ನಡುವಿನಲ್ಲಿ ಬಿಳಿಯ ಗಟ್ಟಿತನ ಉಳಿಯದೆ ಬೆಣ್ಣೆಯಂತೆ ನುಣ್ಣಗಾಗಬೇಕು.

ನನ್ನ ಸಲಹೆಯೆಂದರೆ, ವಾರದ ಹೆಚ್ಚಿನ ದಿನಗಳಲ್ಲಿ ಬಗೆಬಗೆಯ ಕಾಳುಗಳಿರಲಿ, ಎರಡು ಮೂರು ದಿನ ಟೋಫು ಇರಲಿ. ನಿನ್ನಮ್ಮ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾಳಲ್ಲ, ಸೋಯಾ ಆ ಮಾತ್ರೆ ಮೈಗೂಡುವುದನ್ನು ಕುಂಠಿತಗೊಳಿಸಬಹುದು; ಹಾಗಾಗಿ ಬೆಳಗಿನ ಮಾತ್ರೆಯ ಹಿಂದೆಯೇ ಅವಳಿಗೆ ಟೋಫು ಬಡಿಸಬೇಡ, ಎಷ್ಟು ಹೊತ್ತಿನ ಅಂತರ ಬೇಕೆಂದು ಅವಳ ವೈದ್ಯರನ್ನು ಕೇಳು. ಒಂದು ತಿಂಗಳು ಹೀಗೆ ನಡೆಸಿ, ಹೊಟ್ಟೆ ಹೇಗಿದೆ, ಸುಸ್ತು ಕಡಿಮೆಯಾಯಿತೇ ಎಂದು ನನಗೆ ಬರೆ.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ